ಮೂತಿಯ ತುದಿಯಲ್ಲಿ ಬಾಯಿ: ಅಕ್ಕಿಯ ಮೂತಿ ಹುಳುವಿನ ದೇಹ ಮತ್ತು ಹೆಸರು

ಶ್ರೋತೃಗಳಿಗೆ ನಮಸ್ಕಾರ.

ಬಹಳ ದಿನ ಮುಚ್ಚಿಟ್ಟ ಅಕ್ಕಿಯನ್ನು ತಟ್ಟೆಗೆ ಸುರಿದಾಗ, ಕಾಳುಗಳ ನಡುವಿನಿಂದ ಮೇಲೆದ್ದು ಅಂಚಿನ ಕಡೆಗೆ ನಡೆದು ಹೋಗುವ ಪುಟ್ಟ ಕಂದು ಹುಳುವನ್ನು ನೀವೆಲ್ಲರೂ ಕಂಡಿರುತ್ತೀರಿ. ಅದರ ಉದ್ದ ಎರಡರಿಂದ ಮೂರೂವರೆ ಮಿಲಿಮೀಟರು, ಹೆಚ್ಚೆಂದರೆ ಒಂದು ಎಳ್ಳುಕಾಳಿನಷ್ಟು. ಬೆರಳು ತಾಗಿದರೆ ಸಾಕು, ಆರೂ ಕಾಲುಗಳನ್ನು ಹೊಟ್ಟೆಯಡಿಗೆ ಮಡಚಿಕೊಂಡು ಸತ್ತಂತೆ ಬಿದ್ದುಬಿಡುತ್ತದೆ. ಇದೇ ಅಕ್ಕಿಯ ಮೂತಿ ಹುಳು. ಕೆಲವರು ಇದನ್ನು ಸೊಂಡಿಲು ಕೀಟ ಎಂದೂ ಕರೆಯುತ್ತಾರೆ. ವಿಜ್ಞಾನದಲ್ಲಿ ಇದರ ಹೆಸರು ಸೈಟೋಫೈಲಸ್ ಒರೈಜೆ. ಗ್ರೀಕಿನಲ್ಲಿ ಸೈಟೋಸ್ ಎಂದರೆ ಧಾನ್ಯ, ಫಿಲೋಸ್ ಎಂದರೆ ಪ್ರೀತಿಸುವುದು. ಒರೈಜ ಎಂದರೆ ಅಕ್ಕಿ. ಈ ಹುಳುವನ್ನು ನಾಶ ಮಾಡುವ ಬಗೆಯನ್ನು ಹೇಳುವವರು ಬಹಳ ಜನ ಇದ್ದಾರೆ. ನಾನು ಇಂದು ಅದರ ದೇಹ ಹೇಗಿದೆ ಎಂಬುದನ್ನು ಹೇಳಬಯಸುತ್ತೇನೆ, ಏಕೆಂದರೆ ಇದು ಯಾವ ಹುಳು ಎಂಬ ಪ್ರಶ್ನೆಗೆ ಉತ್ತರ ಆ ದೇಹದಲ್ಲಿಯೇ ಅಡಗಿದೆ, ಮತ್ತು ಆ ಉತ್ತರ ದೊರೆಯಲು ಹೆಚ್ಚುಕಡಿಮೆ ಎರಡು ಶತಮಾನಗಳ ಕಾಲ ಹಿಡಿಯಿತು.

ಮೊದಲು ಮೂತಿಯಿಂದಲೇ ಆರಂಭಿಸೋಣ. ಸೊಂಡಿಲು ಎಂಬ ಮಾತು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಆನೆಯ ಸೊಂಡಿಲಿನಂತೆ ಇದು ಬಳುಕುವುದಿಲ್ಲ. ಸೊಳ್ಳೆಯ ಸೂಜಿಯಂತೆ ರಸ ಹೀರುವ ಕೊಳವೆಯೂ ಇದಲ್ಲ. ಇದು ತಲೆಯೇ. ತಲೆಯ ಮುಂಭಾಗ ಮುಂದಕ್ಕೆ ಚಾಚಿಕೊಂಡು, ಗಟ್ಟಿಯಾದ, ಸ್ವಲ್ಪ ಕೆಳಕ್ಕೆ ಬಾಗಿದ, ಸುಮಾರು ಒಂದು ಮಿಲಿಮೀಟರು ಉದ್ದದ ಕೊಳವೆಯಾಗಿದೆ. ಕಣ್ಣುಗಳು ಆ ಕೊಳವೆಯ ಬುಡದಲ್ಲಿಯೇ ಉಳಿದಿವೆ, ಬಾಯಿ ಮಾತ್ರ ತುದಿಗೆ ಹೋಗಿದೆ. ಭೂತಗನ್ನಡಿಯ ಕೆಳಗೆ ಹುಳುವನ್ನು ಬೆನ್ನ ಮೇಲೆ ಮಲಗಿಸಿ ಮೂತಿಯ ತುದಿಯನ್ನು ನೋಡಿದರೆ, ಅಲ್ಲಿ ಎರಡು ಪುಟ್ಟ ದವಡೆಗಳು ಅಕ್ಕಪಕ್ಕದಿಂದ ಬಂದು ಕೂಡುವುದು ಕಾಣುತ್ತದೆ. ಅನೇಕ ಕೀಟಗಳ ಬಾಯಿಯನ್ನು ಮೇಲಿನಿಂದ ಮುಚ್ಚುವ ಮೇಲ್ದುಟಿ ಇಲ್ಲಿ ಇಲ್ಲವೇ ಇಲ್ಲ. ಅದು ಇಲ್ಲದಿರುವುದರಿಂದ ದವಡೆಗಳು ಬಡಗಿಯ ಬೈರಿಗೆಯ ಮೊನೆಯಂತೆ ತುದಿಯಲ್ಲಿ ಬತ್ತಲಾಗಿ ನಿಂತಿವೆ. ಕಾಳನ್ನು ಚುಚ್ಚುವುದಲ್ಲ, ಕಚ್ಚಿ ಕಚ್ಚಿ ಕೊರೆಯುವುದು ಈ ಹುಳುವಿನ ಕೆಲಸ.

ಗಂಡು ಹೆಣ್ಣುಗಳ ಭೇದವನ್ನೂ ಈ ಮೂತಿಯಲ್ಲಿಯೇ ಕಾಣಬಹುದು. ಗಂಡಿನ ಮೂತಿ ಗಿಡ್ಡ, ದಪ್ಪ, ಮೇಲ್ಮೈ ಒರಟು. ಹೆಣ್ಣಿನ ಮೂತಿ ಅದಕ್ಕಿಂತ ಉದ್ದ, ತೆಳು, ನುಣುಪು, ಮತ್ತು ಹೆಚ್ಚು ಬಾಗಿದ್ದು. ಈ ವ್ಯತ್ಯಾಸಕ್ಕೆ ಕಾರಣವೂ ಸ್ಪಷ್ಟವಾಗಿದೆ. ಕಾಳಿನಲ್ಲಿ ತಿನ್ನುವುದಕ್ಕಾಗಿ ಗಂಡೂ ಹೆಣ್ಣೂ ಕೊರೆಯುತ್ತವೆ, ಆದರೆ ಮೊಟ್ಟೆ ಇಡುವುದಕ್ಕಾಗಿ ಕೊರೆಯಬೇಕಾದದ್ದು ಹೆಣ್ಣು ಮಾತ್ರ.

ಆ ಕೆಲಸವನ್ನು ಒಮ್ಮೆ ಪೂರ್ತಿ ನೋಡಿದವರು ಮರೆಯಲಾರರು. ಹೆಣ್ಣು ಮೊದಲು ಕಾಳಿನ ಮೇಲೆಲ್ಲ ಓಡಾಡಿ, ಒಂದು ಜಾಗವನ್ನು ಆರಿಸಿ, ಕಾಲುಗಳನ್ನು ಅಗಲಕ್ಕೆ ಊರಿ ನಿಲ್ಲುತ್ತದೆ. ಆಮೇಲೆ ಮೂತಿಯನ್ನು ಕೆಳಕ್ಕೆ ಇಳಿಸಿ, ತಲೆಯನ್ನು ಅತ್ತಿತ್ತ ಹೊರಳಿಸುತ್ತ ಕೊರೆಯತೊಡಗುತ್ತದೆ. ನೋಡುತ್ತಿದ್ದಂತೆ ಮೂತಿ ಕಾಳಿನೊಳಗೆ ಮುಳುಗುತ್ತ ಹೋಗುತ್ತದೆ. ಗುಳಿ ಸಾಕಷ್ಟು ಆಳವಾದ ಮೇಲೆ ಮೂತಿಯನ್ನು ಹೊರಗೆಳೆದು, ಹಿಂದುಮುಂದಾಗಿ ತಿರುಗಿ, ಹೊಟ್ಟೆಯ ತುದಿಯನ್ನು ಆ ಗುಳಿಗೆ ಒತ್ತಿ ಒಂದೇ ಒಂದು ಮೊಟ್ಟೆಯನ್ನು ಇಳಿಬಿಡುತ್ತದೆ. ಜೊತೆಗೆ ಅಂಟಿನಂಥ ಒಂದು ದ್ರವವನ್ನು ಸುರಿಸಿ ಗುಳಿಯ ಬಾಯಿ ಮುಚ್ಚುತ್ತದೆ. ಆ ಬಿರಡೆ ಒಣಗಿ ಕಾಳಿನ ಬಣ್ಣಕ್ಕೇ ಹೊಂದಿಕೊಂಡ ಮೇಲೆ ಬರಿಗಣ್ಣಿಗೆ ಅದು ಗುರುತು ಸಿಗುವುದೇ ಇಲ್ಲ. ಒಂದು ಹೆಣ್ಣು ತನ್ನ ಬಾಳಿನಲ್ಲಿ ಹೀಗೆ ಸುಮಾರು 300ರಿಂದ 400 ಮೊಟ್ಟೆಗಳವರೆಗೆ ಇಡಬಲ್ಲದು.

ಇಷ್ಟು ಬಿಗಿಯಾದ ಗುಳಿಯೊಳಗೆ ಮೂತಿ ಇಳಿಯುವಾಗ ಕುಡಿಮೀಸೆಗಳು ಅಡ್ಡ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಈ ಹುಳುವಿನ ಕುಡಿಮೀಸೆ ನೆಟ್ಟಗಿಲ್ಲ, ಮೊಣಕೈಯಂತೆ ಮುರಿದಿದೆ. ಮೂತಿಯ ಬುಡದಲ್ಲಿ, ಕಣ್ಣಿನ ಸಮೀಪ ಹೊರಡುವ ಮೊದಲನೆಯ ಗೆಣ್ಣು ಉದ್ದನೆಯ ದಂಡದಂತಿದೆ. ಅಲ್ಲಿಂದ ಮುಂದೆ ಆರು ಪುಟ್ಟ ಮಣಿಗಳ ಸರ, ಕೊನೆಯಲ್ಲಿ ಗದೆಯಂತೆ ಉಬ್ಬಿದ ತುದಿ. ಒಟ್ಟು ಎಂಟು ಗೆಣ್ಣು. ಮೂತಿಯ ಇಕ್ಕೆಲಗಳಲ್ಲಿ ಒಂದೊಂದು ತೋಡು ಇದೆ, ಕೊರೆಯುವಾಗ ಆ ಮೊದಲ ದಂಡ ತೋಡಿನೊಳಗೆ ಮಡಚಿ ಕೂರುತ್ತದೆ. ಚೂರಿಯ ಅಲಗು ಹಿಡಿಯೊಳಗೆ ಮಡಚಿಕೊಳ್ಳುವುದನ್ನು ನೆನೆಸಿಕೊಂಡರೆ ಈ ಏರ್ಪಾಡು ಅರ್ಥವಾಗುತ್ತದೆ. ಗದೆಯಂಥ ತುದಿಯನ್ನೂ ಸ್ವಲ್ಪ ಗಮನಿಸಬೇಕು: ಅದರ ಬುಡದ ಭಾಗ ಬೋಳಾಗಿ ಹೊಳೆಯುತ್ತದೆ, ತುದಿಯ ಭಾಗ ಮಾತ್ರ ಸಣ್ಣ ರೋಮಗಳಿಂದ ಮಖಮಲ್ಲಿನಂತಿದೆ. ಇದು ಅಲಂಕಾರವಲ್ಲ, ವರ್ಗೀಕರಣಕ್ಕೆ ಬೇಕಾದ ಒಂದು ಗುರುತು; ಮುಂದೆ ಅದಕ್ಕೆ ಮರಳಿ ಬರುತ್ತೇನೆ.

ಎದೆಯ ಮುಂಭಾಗದ ಬೆನ್ನು ಒಂದೇ ತುಂಡಾದ ಗುರಾಣಿ. ದರ್ಜಿಗಳು ಬೆರಳಿಗೆ ತೊಡುವ ಅಂಗುಸ್ತಾನದ ಮೈಯಂತೆ ಅದರ ತುಂಬ ದುಂಡನೆಯ ಗುಳಿಗಳು. ಇದರ ಹತ್ತಿರದ ಬಂಧು ಕಣಜದ ಮೂತಿ ಹುಳು, ಅಂದರೆ ಸೈಟೋಫೈಲಸ್ ಗ್ರಾನೇರಿಯಸ್‌ನಲ್ಲಿ ಈ ಗುಳಿಗಳು ದುಂಡಗಿರದೆ ಉದ್ದುದ್ದಕ್ಕೆ ಎಳೆದಂತಿರುತ್ತವೆ. ಬರಿಯ ಇಷ್ಟನ್ನೇ ನೋಡಿ ಇವೆರಡನ್ನೂ ಬೇರೆ ಮಾಡಬಹುದು. ಗುರಾಣಿಯ ಹಿಂದೆ ಬೆನ್ನನ್ನು ಮುಚ್ಚಿರುವುದು ಎಲ್ಲ ದುಂಬಿಗಳಲ್ಲಿಯೂ ಇರುವಂತೆ ಗಟ್ಟಿಯಾದ ಮುಂರೆಕ್ಕೆಗಳು. ಅವುಗಳ ಮೇಲೆ ಉದ್ದಕ್ಕೂ ಗುಳಿಗಳ ಸಾಲುಗಳಿವೆ, ಮತ್ತು ಒಂದೊಂದು ರೆಕ್ಕೆಯ ಮೇಲೆ ಎರಡೆರಡರಂತೆ ನಾಲ್ಕು ಕಿತ್ತಳೆಗೆಂಪು ಮಚ್ಚೆಗಳಿವೆ. ಅವುಗಳ ಕೆಳಗೆ ಹಾರಲು ನೆರವಾಗುವ ತೆಳು ಪೊರೆಯಂಥ ಹಿಂರೆಕ್ಕೆಗಳು ಮಡಚಿಕೊಂಡಿರುತ್ತವೆ. ಕಣಜದ ಮೂತಿ ಹುಳುವಿನಲ್ಲಿ ಈ ಹಿಂರೆಕ್ಕೆಗಳು ಕೆಲಸಕ್ಕೆ ಬಾರದಷ್ಟು ಕುಗ್ಗಿಹೋಗಿವೆ, ಹಾಗಾಗಿ ಅದು ಹಾರಲಾರದು. ಮುಂರೆಕ್ಕೆಗಳು ಹೊಟ್ಟೆಯ ಕಟ್ಟಕಡೆಯ ಫಲಕವನ್ನು ಮುಚ್ಚುವುದಿಲ್ಲ, ಅದು ಹೊರಗೆ ಕಾಣುತ್ತಿರುತ್ತದೆ.

ಕಾಲುಗಳ ಬಗ್ಗೆ ಒಂದೇ ಮಾತು. ಪಾದದಲ್ಲಿ ನಾಲ್ಕು ಗೆಣ್ಣುಗಳಿರುವಂತೆ ಕಾಣುತ್ತದೆ, ಇರುವುದು ಐದು. ನಾಲ್ಕನೆಯದು ಅತಿ ಚಿಕ್ಕದಾಗಿ ಮೂರನೆಯದರ ಮರೆಯಲ್ಲಿ ಅಡಗಿದೆ.

ಇಷ್ಟು ಗಟ್ಟಿ ಮೈಯ ಹುಳುವಿನ ಮರಿ ಹೇಗಿರುತ್ತದೆಂದರೆ, ಕಾಲುಗಳೇ ಇಲ್ಲದ, ಬಿಳಿಯ, ಮಾಂಸದ ಮುದ್ದೆಯಂಥ ಬಾಗಿದ ಹುಳು. ಕಂದು ಬಣ್ಣದ ತಲೆಯೊಂದೇ ಗಟ್ಟಿ. ಅದು ಕಾಳಿನೊಳಗೇ ತಿಂದು, ಮೂರು ಸಲ ಪೊರೆ ಬಿಟ್ಟು ನಾಲ್ಕು ಹಂತಗಳನ್ನು ದಾಟಿ, ಅಲ್ಲಿಯೇ ಕೋಶಾವಸ್ಥೆಯನ್ನೂ ಮುಗಿಸುತ್ತದೆ. ಸುತ್ತಲೂ ಆಹಾರವೇ ಇರುವಾಗ ನಡೆಯುವ ಅಗತ್ಯವೇ ಇಲ್ಲ. ಕಾಲುಗಳು ಇಲ್ಲದಿರುವುದು ಅದಕ್ಕೆ ಕೊರತೆಯಾಗುವುದಿಲ್ಲ. ಸುಮಾರು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆಯಿಂದ ಪ್ರೌಢ ಹುಳುವಾಗಲು ಐದು ವಾರಗಳಷ್ಟು ಸಮಯ ಬೇಕು. ಕಾಳಿನ ಮೇಲೆ ನಾವು ಕಾಣುವ ತೂತು ಹುಳು ಒಳಹೊಕ್ಕ ದಾರಿಯಲ್ಲ, ಹೊರಬಂದ ದಾರಿ.

ಧಾನ್ಯದಲ್ಲಿ ಪಿಷ್ಟ ಹೇರಳವಾಗಿದೆ, ಆದರೆ ಗಟ್ಟಿ ಚರ್ಮ ಕಟ್ಟಲು ಬೇಕಾದ ಕೆಲವು ಅಮೈನೋ ಆಮ್ಲಗಳೂ ಜೀವಸತ್ವಗಳೂ ಸಾಕಷ್ಟಿಲ್ಲ. ಆ ಕೊರತೆಯನ್ನು ತುಂಬುವುದು ಹುಳುವಿನ ಜೀವಕೋಶಗಳೊಳಗೇ ವಾಸಿಸುವ ಸೊಡಾಲಿಸ್ ಕುಲದ ಒಂದು ಬ್ಯಾಕ್ಟೀರಿಯ. ಮರಿಹುಳುವಿನ ಅನ್ನನಾಳದ ಸಮೀಪ ಅದಕ್ಕೆಂದೇ ಒಂದು ಪ್ರತ್ಯೇಕ ಅಂಗವಿದೆ. ಪ್ರೌಢ ಹುಳುವಿನ ಮೊದಲ ದಿನಗಳಲ್ಲಿ ಕರುಳಿನ ಬ್ಯಾಕ್ಟೀರಿಯಗಳ ಸಂಖ್ಯೆ ತೀವ್ರವಾಗಿ ಏರುತ್ತದೆ. ಚರ್ಮ ಗಟ್ಟಿಯಾಗಿ ಕಪ್ಪೇರಿದ ಮೇಲೆ ಹುಳು ಅವುಗಳನ್ನು ಜೀರ್ಣಿಸಿಕೊಂಡುಬಿಡುತ್ತದೆ. ಹೆಣ್ಣಿನ ಅಂಡಾಶಯದಲ್ಲಿರುವವು ಮಾತ್ರ ಉಳಿದು ಮುಂದಿನ ಪೀಳಿಗೆಗೆ ಹೋಗುತ್ತವೆ. ನನ್ನ ಮಟ್ಟಿಗೆ ಈ ಹುಳುವಿನ ವಿಷಯದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿಲ್ಲ.

ಈಗ ವರ್ಗೀಕರಣಕ್ಕೆ ಬರೋಣ. ಸಂಧಿಪದಿಗಳಲ್ಲಿ ಕೀಟ ವರ್ಗ, ಅದರಲ್ಲಿ ದುಂಬಿಗಳ ಗಣವಾದ ಕೋಲಿಯಾಪ್ಟೆರಾ, ಅದರೊಳಗೆ ಕರ್ಕ್ಯುಲಿಯೊನಾಯ್ಡಿಯಾ ಎಂಬ ಮೂತಿ ಹುಳುಗಳ ಮಹಾಕುಟುಂಬ. ಇಲ್ಲಿಯವರೆಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಇದರ ಕೆಳಗೆ ಬರುವ ಕರ್ಕ್ಯುಲಿಯೊನಿಡೇ ಕುಟುಂಬವೊಂದರಲ್ಲಿಯೇ 50 ಸಾವಿರಕ್ಕೂ ಮಿಗಿಲಾದ ಪ್ರಭೇದಗಳಿವೆ. ನಮ್ಮ ಹುಳುವಿನ ಗುಂಪಾದ ಡ್ರೈಯಾಫ್ತೊರಿನೇಯನ್ನು ಬಹುಮಂದಿ ಈ ಕುಟುಂಬದ ಉಪಕುಟುಂಬವೆಂದು ಎಣಿಸುತ್ತಾರೆ, ಕೆಲವರು ಡ್ರೈಯಾಫ್ತೊರಿಡೇ ಎಂಬ ಸ್ವತಂತ್ರ ಕುಟುಂಬವೆಂದೇ ಬಗೆಯುತ್ತಾರೆ. ಆ ಗುಂಪನ್ನು ಗುರುತಿಸುವಾಗ ನೆರವಾಗುವ ಲಕ್ಷಣಗಳಲ್ಲೊಂದು ನಾನು ಆಗ ಹೇಳಿದ, ಬುಡ ಬೋಳಾಗಿ ತುದಿ ರೋಮಮಯವಾದ ಕುಡಿಮೀಸೆಯ ಗದೆ. ತೆಂಗು, ಖರ್ಜೂರದ ಮರಗಳನ್ನು ಕೊರೆಯುವ ದೊಡ್ಡ ಕೆಂಪು ಮೂತಿ ಹುಳುವೂ ಇದೇ ಗುಂಪಿನದು. ಗಾತ್ರದಲ್ಲಿ ಅಷ್ಟು ಅಂತರವಿದ್ದರೂ ಇವೆರಡರ ಕುಡಿಮೀಸೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನೆಂಟಸ್ತಿಕೆ ತಿಳಿಯುತ್ತದೆ.

ಕಾರ್ಲ್ ಲಿನೇಯಸ್ 1763ರಲ್ಲಿ ಈ ಹುಳುವಿಗೆ ಕರ್ಕ್ಯುಲಿಯೊ ಒರೈಜೆ ಎಂದು ಹೆಸರಿಟ್ಟನು. ಸೈಟೋಫೈಲಸ್ ಎಂಬ ಕುಲವನ್ನು ಸ್ವೀಡನ್ನಿನ ಶೋನ್‌ಹೆರ್ 1838ರಲ್ಲಿ ಸ್ಥಾಪಿಸಿದನು. 1855ರಲ್ಲಿ ಮೋಚುಲ್ಸ್ಕಿ ಮೆಕ್ಕೆಜೋಳದ ಮೂತಿ ಹುಳುವನ್ನು ಸೈಟೋಫೈಲಸ್ ಜೀಮೇಸ್ ಎಂದು ವರ್ಣಿಸಿದನಾದರೂ, ಅದು ನಿಜಕ್ಕೂ ಬೇರೆಯ ಪ್ರಭೇದವೆಂದು ಬಹುಕಾಲ ಯಾರೂ ಒಪ್ಪಲಿಲ್ಲ. ಅದಕ್ಕೆ ಅವರನ್ನು ದೂರುವಂತಿಲ್ಲ: ಅದೇ ಬಣ್ಣ, ಅದೇ ನಾಲ್ಕು ಮಚ್ಚೆ, ಅದೇ ದುಂಡು ಗುಳಿ. ಸರಾಸರಿ ತೆಗೆದರೆ ಸ್ವಲ್ಪ ದೊಡ್ಡದು, ಅಷ್ಟೇ. ಅದೂ ತಿಂದು ಬೆಳೆದ ಕಾಳಿನ ಗಾತ್ರದ ಮೇಲೆ ಬದಲಾಗುತ್ತದೆ. ಆದ್ದರಿಂದ ಇವನ್ನು ಒಂದೇ ಪ್ರಭೇದದ ಸಣ್ಣ ತಳಿ, ದೊಡ್ಡ ತಳಿ ಎಂದು ಕರೆಯುತ್ತಿದ್ದರು. ಇವೆರಡೂ ಬೇರೆ ಬೇರೆ ಎಂದು ತಿಳಿದುಬಂದ ಮೇಲೆಯೂ ಯಾವುದಕ್ಕೆ ಯಾವ ಹೆಸರು ಸಲ್ಲಬೇಕೆಂಬ ಗೊಂದಲ ಉಳಿದಿತ್ತು. ಸಣ್ಣದನ್ನು ಸಸಾಕಿಐ ಎಂದೂ ದೊಡ್ಡದನ್ನು ಒರೈಜೆ ಎಂದೂ ಬರೆದವರಿದ್ದರು. 1961ರಲ್ಲಿ ಕೀಟವಿಜ್ಞಾನಿ ಗಿಯೆರ್ಮೊ ಕುಶೆಲ್ ಈ ತೊಡಕನ್ನು ಬಿಡಿಸಿ, ಸಣ್ಣದೇ ಒರೈಜೆ, ದೊಡ್ಡದು ಜೀಮೇಸ್ ಎಂದು ಸ್ಥಿರಪಡಿಸಿದನು. ಹೀಗಾಗಿ ಅದಕ್ಕಿಂತ ಹಿಂದಿನ ಬರಹಗಳಲ್ಲಿ ಒರೈಜೆ ಎಂಬ ಹೆಸರನ್ನು ಕಂಡಾಗ, ಅಲ್ಲಿ ಹೇಳಿರುವುದು ಯಾವ ಹುಳುವಿನ ವಿಷಯವೆಂದು ಎಚ್ಚರದಿಂದ ಓದಬೇಕಾಗುತ್ತದೆ.

ಹಾಗಾದರೆ ಇವೆರಡನ್ನು ಖಚಿತವಾಗಿ ಬೇರೆ ಮಾಡುವುದು ಹೇಗೆ? ಹೊರಮೈಯನ್ನು ಬಿಟ್ಟು ಹೊಟ್ಟೆಯನ್ನು ಬಿಡಿಸಬೇಕು. ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಒರೈಜೆಯಲ್ಲಿ ಅದರ ಮೇಲ್ಭಾಗ ನುಣುಪಾಗಿ ಉಬ್ಬಿರುತ್ತದೆ. ಜೀಮೇಸ್‌ನಲ್ಲಿ ಉದ್ದಕ್ಕೂ ಎರಡು ತೋಡುಗಳು, ನಡುವೆ ಒಂದು ದಿಂಡು. ಹೆಣ್ಣಿನಲ್ಲಿ ನೋಡಬೇಕಾದದ್ದು ಕವೆಯಾಕಾರದ ಒಂದು ಪುಟ್ಟ ಗಟ್ಟಿ ತುಂಡನ್ನು. ಅದರ ಎರಡು ಕವಲುಗಳು ದುಂಡು ತುದಿಯವಾಗಿ ಪರಸ್ಪರ ಸಮೀಪವಿದ್ದರೆ ಒರೈಜೆ. ಚೂಪಾಗಿ, ದೂರ ಸರಿದು ನಿಂತಿದ್ದರೆ ಜೀಮೇಸ್. ಹುಳುವೇ ಎಳ್ಳುಕಾಳಿನಷ್ಟಿರುವಾಗ ಈ ಕವೆ ಎಷ್ಟು ಸಣ್ಣದಿರಬೇಕೆಂದು ಯೋಚಿಸಿ. ಅದನ್ನು ಹರಿಯದಂತೆ ಸೂಜಿಯ ಮೊನೆಯಿಂದ ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಹನಿ ಗ್ಲಿಸರಿನ್‌ನಲ್ಲಿ ಮಲಗಿಸಿ, ಕವಲುಗಳ ತುದಿ ಕಣ್ಣಿಗೆ ನಿಚ್ಚಳವಾಗುವವರೆಗೆ ಮಸೂರವನ್ನು ಹೊಂದಿಸುತ್ತ ಕೂರಬೇಕು. ಅದು ಕಂಡ ಮೇಲಷ್ಟೇ ಗಾಜಿನ ಪಟ್ಟಿಯ ಚೀಟಿಯ ಮೇಲೆ ಹೆಸರು ಬರೆಯಬಹುದು.

ನಮಸ್ಕಾರ.