ರಾತ್ರಿ ಎಲ್ಲಿ ಮಲಗುತ್ತೀರಿ?

ಕೇಳುಗರೇ, ನಮಸ್ಕಾರ.

ಸಕಲೇಶಪುರದಲ್ಲಿ ರೈಲು ಇಳಿಯುವುದು. ಅಲ್ಲಿಂದ ಸೈಕಲ್ ಹತ್ತಿ ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ದಾಟಿ ಬಾಳೆಹೊನ್ನೂರು ಮುಟ್ಟುವುದು. ನಾಲ್ಕು ಹಗಲು, ಮೂರು ರಾತ್ರಿ. ಆದಷ್ಟೂ ಟಾರು ಬಿಟ್ಟು ಮಣ್ಣಿನ ರಸ್ತೆಯಲ್ಲೇ. ಇಂಥದ್ದೊಂದು ಯೋಚನೆ ಇದೆ ಅಂತ ಯಾರಾದರೂ ನನ್ನ ಹತ್ತಿರ ಬಂದರೆ, ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಯಾವ ಸೈಕಲ್ ತಗೊಳ್ಳಲಿ? ನಾನು ತಿರುಗಿ ಕೇಳುವುದೂ ಒಂದೇ: ರಾತ್ರಿ ಎಲ್ಲಿ ಮಲಗುತ್ತೀರಿ?

ಇದನ್ನು ಕಲಿತದ್ದು ಪೆಟ್ಟು ತಿಂದೇ. ನಮ್ಮ ಮೊದಲ ಪ್ರವಾಸದಲ್ಲಿ ಮೊದಲ ದಿನಕ್ಕೇ 70 ಕಿಲೋಮೀಟರ್ ಬರೆದುಕೊಂಡಿದ್ದೆವು. ಗಂಟೆಗೆ ಹತ್ತು ಅಂದರೂ ಏಳು ಗಂಟೆ, ಸಂಜೆ ನಾಲ್ಕಕ್ಕೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ಅಂತ ಲೆಕ್ಕ. ನವೆಂಬರ್ ಮೊದಲ ವಾರ. ಹಿಂದಿನ ದಿನ ಮಳೆ ಬಿದ್ದಿತ್ತು. ತೋಟದ ಕೆಂಪು ಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಹಿಟ್ಟಿನಂತೆ ಮೆತ್ತಿಕೊಂಡು ಚಕ್ರವೇ ತಿರುಗದು. ನೂರು ಹೆಜ್ಜೆಗೊಮ್ಮೆ ಇಳಿದು ಕಡ್ಡಿಯಿಂದ ಕೆರೆಯುವುದು, ಮತ್ತೆ ಹತ್ತುವುದು. ಐದೂವರೆಗೆ ಇನ್ನೂ ಅರ್ಧ ದಾರಿ ಬಾಕಿ. ಸಿಲ್ವರ್ ಓಕ್ ಮರಗಳ ಕೆಳಗೆ ಆಗಲೇ ಕತ್ತಲು. ಎದುರಿಗೆ ಸ್ಕೂಟರಿನಲ್ಲಿ ಬಂದ ಎಸ್ಟೇಟಿನ ರೈಟರು ನಿಲ್ಲಿಸಿ, "ಎಲ್ಲಿಗೆ ಹೋಗ್ತೀರಿ ಮಾರಾಯ್ರೇ, ಮುಂದೆ ಆನೆ ಇದೆ" ಅಂದರು. ಆ ರಾತ್ರಿ ಕಾಫಿ ಒಣಗಿಸುವ ಕಣದ ಪಕ್ಕದ ಗೋದಾಮಿನಲ್ಲಿ, ಗೋಣಿಚೀಲದ ಮೇಲೆ ಮಲಗಿದೆವು. ಬೆಲ್ಲದ ಕಾಫಿ ಕೊಟ್ಟರು. ಸೈಕಲ್ ನೋಡಿ ನಕ್ಕರು ಕೂಡ.

ಆಮೇಲಿಂದ ನಾನು ಪ್ಲಾನ್ ಮಾಡುವುದು ರಾತ್ರಿಯಿಂದ ಹಿಂದಕ್ಕೆ. ಮೊದಲು ಮಲಗುವ ಊರು ಗೊತ್ತಾಗಬೇಕು. ಅಲ್ಲಿಗೆ ಸಂಜೆ ನಾಲ್ಕೂವರೆಯೊಳಗೆ ಸೇರಬೇಕು. ಅಲ್ಲಿಂದ ಹಿಂದಕ್ಕೆ ಅಳೆದು, ಎಷ್ಟು ದೂರ ತುಳಿಯಬಹುದು ಅಂತ ನೋಡುತ್ತೇನೆ. ಟಾರು ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರ್ ಹೋಗುವವರು ಮಣ್ಣಿನ ಚಡಾವಿನಲ್ಲಿ ಆರೋ ಏಳೋ ಹೋದರೆ ದೊಡ್ಡದು. ನನ್ನ ಮಿತಿ ದಿನಕ್ಕೆ 35. ಜಾಸ್ತಿ ಹೋಗಬಲ್ಲವರು ಹೋಗಲಿ, ನಾನಂತೂ ದಾರಿಯಲ್ಲಿ ಕಾಫಿ ಕುಡಿಯುವವನು.

ಕಿಲೋಮೀಟರಿಗಿಂತ ಏರು ಮುಖ್ಯ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಐವತ್ತು ಸಾವಿರಕ್ಕೊಂದು ಅಳತೆಯ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಗುಡ್ಡದ ಮೇಲೆ ಕಂದು ಗೆರೆಗಳಿರುತ್ತವೆ, ನೋಡಿರಬಹುದು. ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ನಿಮ್ಮ ದಾರಿ ಒಂದು ಕಿಲೋಮೀಟರಿನಲ್ಲಿ ಐದು ಗೆರೆ ದಾಟಿದರೆ 100 ಮೀಟರ್ ಏರು. ಏದುಸಿರು ಬಿಟ್ಟುಕೊಂಡು ತುಳಿಯಬಹುದು. ಹತ್ತು ಗೆರೆ ದಾಟಿದರೆ ಇಳಿದು ತಳ್ಳುವುದೇ. ಫೋನಿನ ನಕ್ಷೆಯಲ್ಲೂ ಈ ಗೆರೆಗಳನ್ನು ನೋಡಬಹುದು, ಆದರೆ ಮನೆಯಲ್ಲೇ ಇಳಿಸಿಕೊಂಡು ಹೋಗಿ. ತೋಟದ ಒಳಗೆ ಸಿಗ್ನಲ್ ನಂಬಬೇಡಿ.

ದಾರಿ ಕೇಳುವಾಗ ಒಂದು ಎಚ್ಚರ. ಮಲೆನಾಡಿನಲ್ಲಿ "ಇಲ್ಲೇ, ಒಂದು ಕೂಗಳತೆ" ಅನ್ನುತ್ತಾರೆ. ಯಾರ ಕೂಗು ಅಂತ ಹೇಳುವುದಿಲ್ಲ. ಅದರ ಬದಲು "ಚಡಾವು ಇದೆಯಾ? ಪಿಕಪ್ ಹೋಗುತ್ತಾ?" ಅಂತ ಕೇಳಿ. ಪಿಕಪ್ ಹೋಗುವ ದಾರಿ ಸೈಕಲ್ಲಿಗೆ ಧಾರಾಳ ಸಾಕು.

ನಕ್ಷೆಯಲ್ಲಿ ದಾರಿ ಕಂಡ ಮಾತ್ರಕ್ಕೆ ಅದು ನಮ್ಮದಲ್ಲ. ತೋಟದ ರಸ್ತೆಗೆ ಗೇಟು ಇರುತ್ತದೆ, ಮಾಲೀಕರು ಇರುತ್ತಾರೆ. ಮೊದಲೇ ಫೋನ್ ಮಾಡಿ ಕೇಳಿದರೆ ಬಹಳ ಜನ ಬೇಡ ಅನ್ನುವುದಿಲ್ಲ. ಕಾಡಿನ ವಿಷಯ ಬೇರೆ. ಕಳಸದ ಆಚೆ ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿನ ಕಾಲುದಾರಿಗೆ ಸೈಕಲ್ ಇಳಿಸುವಂತಿಲ್ಲ. ಟೆಂಟು ಹೊಡೆಯುತ್ತೇವೆ ಅನ್ನುವ ಹುಮ್ಮಸ್ಸೂ ಆನೆ ಓಡಾಡುವ ಸೀಮೆಯಲ್ಲಿ ಬೇಡ. ಮೂಡಿಗೆರೆಯಲ್ಲಿ ಲಾಡ್ಜು, ಕೊಟ್ಟಿಗೆಹಾರದ ಆಚೆ ಒಂದು ಹೋಂಸ್ಟೇ, ಕಳಸದಲ್ಲಿ ರೂಮು, ಇಷ್ಟೇ ನನ್ನ ಮೂರು ರಾತ್ರಿ. ಕಳಸದಿಂದ ಹತ್ತಿರದ ಹೊರನಾಡಿಗೆ ಹೋದರೆ ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ಬಂದವರಿಗೆಲ್ಲ ಊಟ ಇದೆ. ಬುಕ್ ಮಾಡುವಾಗ ಸೈಕಲ್ ತೊಳೆಯುವುದಕ್ಕೆ ನೀರಿನ ಪೈಪು ಇದೆಯಾ ಅಂತಲೂ ಕೇಳಿ. ನಗುತ್ತಾರೆ, ನಗಲಿ.

ಕಾಲ ಅಂದರೆ ಡಿಸೆಂಬರಿನಿಂದ ಫೆಬ್ರವರಿ. ಮಣ್ಣು ಗಟ್ಟಿಯಾಗಿರುತ್ತದೆ, ಇಂಬಳದ ಕಾಟ ಇಲ್ಲ. ಆದರೆ ಅದು ಕಾಫಿ ಕೊಯ್ಲಿನ ಸಮಯ, ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾಗುತ್ತದೆ. ಬೆಲ್ ಹೊಡೆಯುತ್ತಾ ಇಳಿಯಿರಿ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆನ್ನಿಗೆ ಬ್ಯಾಗ್ ಬೇಡ, ಎರಡನೇ ದಿನ ಭುಜ ಎತ್ತಲಾಗುವುದಿಲ್ಲ. ಭಾರವೆಲ್ಲ ಸೈಕಲ್ಲಿಗೇ ಕಟ್ಟಿ. ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಅದಕ್ಕಿಂತ ಒಳ್ಳೆ ಪಟ್ಟಿ ಇಲ್ಲ. ಎರಡು ಟ್ಯೂಬು, ಪಂಪು, ಚೈನ್ ಲಿಂಕು, ಬ್ರೇಕ್ ಪ್ಯಾಡು, ಇವು ಯಾರಿಗೂ ನೆನಪಿರುತ್ತವೆ. ಮರೆಯುವುದು ಹ್ಯಾಂಗರ್. ಹಿಂದಿನ ಗೇರು ನೇತಾಡುವ, ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡು ಅದು. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ. ಒಂದೊಂದು ಸೈಕಲ್ಲಿಗೆ ಒಂದೊಂದು ಥರ ಇರುತ್ತದೆ, ಮೂಡಿಗೆರೆ ಅಂಗಡಿಯಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ನಿಮ್ಮದಕ್ಕೆ ಹೊಂದುವುದನ್ನು ಊರಲ್ಲೇ ಕೊಂಡು, ಸೀಟಿನ ಕೆಳಗಿನ ಚೀಲಕ್ಕೆ ಹಾಕಿ ಮರೆತುಬಿಡಿ.

ಕೊನೆಯ ದಿನ ಭದ್ರಾ ನದಿ ಹೋಗುವ ದಿಕ್ಕಿಗೇ ಬಾಳೆಹೊನ್ನೂರಿನ ಕಡೆ. ಬೆಳಿಗ್ಗೆ ಬೇಗ ಹೊರಡಿ, ಆವತ್ತು ಮಣ್ಣಿನ ದಾರಿಯ ಆಸೆ ಬಿಟ್ಟು ಟಾರೇ ಹಿಡಿಯಿರಿ. ಊರಿಗೆ ವಾಪಸು ಬರುವುದು ಬಸ್ಸಿನಲ್ಲಿ. ಎರಡೂ ಚಕ್ರ ಬಿಚ್ಚಿ ಹಳೆ ಬೆಡ್‌ಶೀಟಿನಲ್ಲಿ ಸುತ್ತಿದರೆ ಸೈಕಲ್ಲು ಲಗೇಜಿನ ಥರ ಕಾಣುತ್ತದೆ. ಆದರೂ ಕಂಡಕ್ಟರ್ ಜೊತೆ ಮಾತಾಡುವುದಕ್ಕೆ ಅಂತ ಅರ್ಧ ಗಂಟೆ ಬೇರೆಯಾಗಿಯೇ ಇಟ್ಟುಕೊಳ್ಳಿ.

ನಮಸ್ಕಾರ.