ರಾಜ ತೀರಿಕೊಂಡ ಮೇಲೆ

ಕೊಡಗಿನ ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲದಲ್ಲಿ ಕರೆಂಟ್ ಇದ್ದಷ್ಟು ಹೊತ್ತು ನಾನು ಒಂದು ಕಂಪ್ಯೂಟರ್ ಆಟ ಆಡುತ್ತೇನೆ. ಹೆಸರು ಕ್ರುಸೇಡರ್ ಕಿಂಗ್ಸ್ 3. 1066ನೇ ಇಸವಿಯಿಂದ ಶುರು ಮಾಡಿದರೆ 1453ರವರೆಗೆ ಒಂದು ರಾಜಮನೆತನವನ್ನು ಉಳಿಸಿಕೊಂಡು ಬರಬೇಕು.

ಹೋದ ವಾರ ನನ್ನ ರಾಜ ತೀರಿಕೊಂಡ. ಮಗನಿಗೆ ಆರೇ ವರ್ಷ. ಪಟ್ಟ ಕಟ್ಟಿ ವರ್ಷ ತುಂಬುವ ಮೊದಲೇ ಮೂವರು ಸಾಮಂತರು ಸೇರಿ ಓಲೆ ಕಳಿಸಿದರು. ಚಿಕ್ಕಪ್ಪನಿಗೆ ಸಿಂಹಾಸನ ಬಿಟ್ಟುಕೊಡಿ, ಇಲ್ಲದಿದ್ದರೆ ಯುದ್ಧ! ಓದಿ ಎದೆ ಧಸಕ್ಕೆಂದಿತು. ಇದು ನಮ್ಮದೇ ಕಥೆ ಅಲ್ವಾ? 1809ರಲ್ಲಿ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ತೀರಿಕೊಂಡಾಗ ಪಟ್ಟಕ್ಕೆ ಬಂದವಳು ಅವನ ಮಗಳು, ಪುಟ್ಟ ಹುಡುಗಿ ದೇವಮ್ಮಾಜಿ. ಎರಡು ವರ್ಷದಲ್ಲಿ ಅವಳ ಚಿಕ್ಕಪ್ಪ ಲಿಂಗರಾಜೇಂದ್ರನೇ ರಾಜನಾದ.

ಆಟದಲ್ಲಿ ದಂಗೆ ಸುಮ್ನೆ ಏಳುವುದಿಲ್ಲ. ಮುನಿಸಿಕೊಂಡ ಸಾಮಂತರು ಮೊದಲು ಬಣ ಕಟ್ಟುತ್ತಾರೆ. ಬಣದ ಬಲ ರಾಜನ ಬಲದ ಹತ್ತಿರ ಬಂದಾಗ ಓಲೆ ಬರುತ್ತದೆ. ಬಲಿಷ್ಠ ಸಾಮಂತನಿಗೆ ಮಂತ್ರಿಮಂಡಲದಲ್ಲಿ ಜಾಗ ಕೊಡದಿದ್ದರೆ ಅವನ ಮುನಿಸು ಜಾಸ್ತಿಯಾಗುತ್ತದೆ. ಮದುವೆ ಸಂಬಂಧದಿಂದ ಮೈತ್ರಿ ಬೆಳೆಸಿದರೆ ಅವನು ಬಣದ ಕಡೆ ಹೋಗುವುದಿಲ್ಲ. ಹೆದರಿಸಿಯೂ ಆಳಬಹುದು, ನನಗೆ ಅದು ಒಪ್ಪಿಗೆಯಿಲ್ಲ. ರಾಜನ ಜೊತೆಗೇ ಆ ಹೆದರಿಕೆಯೂ ಮಣ್ಣಾಗುತ್ತದೆ. ಮಗನಿಗೆ ಉಳಿಯುವುದು ಅಪ್ಪ ಕಟ್ಟಿಕೊಂಡ ಹಗೆ ಮಾತ್ರ.

ಇನ್ನೊಂದು ಅಪಾಯ ಪಾಲು. ಆಸ್ತಿಯಂತೆ ರಾಜ್ಯವೂ ಮಕ್ಕಳಲ್ಲಿ ಹಂಚಿಹೋಗುತ್ತದೆ. ನಿಮ್ಮ ಕೈಯಲ್ಲಿ ಎರಡು ರಾಜ್ಯದ ಪಟ್ಟವಿದ್ದರೆ ಎರಡನೇ ಮಗ ಬೇರೆಯೇ ರಾಜನಾಗಿಬಿಡುತ್ತಾನೆ. ಮೇಲೊಂದು ಸಾಮ್ರಾಟನ ಪಟ್ಟವಿದ್ದರೆ ಅಣ್ಣನ ಕೆಳಗೇ ಉಳಿಯುತ್ತಾನೆ.

ಸಿಟ್ಟಿಗೆ ರಾಜವಂಶದ ಒಂದು ಹೆಸರು ಸಿಕ್ಕರೆ ಬೆಂಕಿ ಹತ್ತಿದ ಹಾಗೆ. ಕಂಪನಿ ಸರ್ಕಾರ ಅಮರ ಸುಳ್ಯ ಸೀಮೆಯನ್ನು ಕೊಡಗಿನಿಂದ ಬಿಡಿಸಿ, ಧಾನ್ಯದ ಬದಲು ಹಣದಲ್ಲಿ ಕಂದಾಯ ಕೇಳಿತು. 1837ರಲ್ಲಿ ರೈತರು ಎದ್ದರು, ಎದ್ದದ್ದು ಕೊಡಗಿನ ರಾಜರ ಹಾಲೇರಿ ವಂಶದವನೆಂದು ನಂಬಿದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನಮ್ಮ ಮಡಿಕೇರಿ ಕೋಟೆಯಲ್ಲೇ ಗಲ್ಲಿಗೇರಿಸಿದರು. ಕೋಟೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ.

ಮತ್ತೆ ಮೊದಲಿನಿಂದ ಆಡಿದೆ. ಈ ಸಲ ರಾಜ ಗಟ್ಟಿಯಾಗಿದ್ದಾಗಲೇ ಇಬ್ಬರು ಸಾಮಂತರನ್ನು ಮಂತ್ರಿ ಮಾಡಿದೆ. ಮಗಳನ್ನು ಮೂರನೆಯವನ ಮನೆಗೆ ಕೊಟ್ಟೆ. ನಿನ್ನೆ ರಾತ್ರಿ ಆ ರಾಜನೂ ಹೋದ. ಹೊರಗೆ ಜೋರು ಗಾಳಿ. ಬಣಗಳ ಪಟ್ಟಿ ತೆರೆದು ನೋಡಿದೆ. ಚಿಕ್ಕಪ್ಪನ ಪರವಾಗಿ ಒಬ್ಬನೇ ನಿಂತಿದ್ದ.

ನಮಸ್ಕಾರ.