ಯಾವ ಚಾನೆಲ್ಲು ಸಾಧು, ಯಾವುದು ತರಲೆ?

ಮಾನ್ಯ ಅಧ್ಯಕ್ಷರೇ, ದಾವಣಗೆರೆಯ ಶಾಲೆಗಳಿಂದ ಬಂದಿರುವ ಶಿಕ್ಷಕ ಬಂಧುಗಳೇ, ತಂದೆತಾಯಂದಿರೇ,

ಮಕ್ಕಳು ನೋಡುವ ಟಿ.ವಿ.ಯ ಕುರಿತ ಮಾತು ಎಲ್ಲಿ ಶುರುವಾದರೂ ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ. ಯಾವ ಚಾನೆಲ್ಲನ್ನು ಹಾಕಿಕೊಟ್ಟು ನಾವು ನಿಶ್ಚಿಂತೆಯಿಂದ ಬೇರೆ ಕೆಲಸ ನೋಡಿಕೊಳ್ಳಬಹುದು? ಇದಕ್ಕೆ ಬಹಳಷ್ಟು ಮನೆಗಳಲ್ಲಿ ಸಿದ್ಧ ಉತ್ತರವಿದೆ. ಡಿಸ್ನಿ ಸಾಧು, ಪೋಗೋ ಪರವಾಗಿಲ್ಲ, ಕಾರ್ಟೂನ್ ನೆಟ್‌ವರ್ಕ್ ಎಂದರೆ ಹೊಡೆದಾಟ, ಹಂಗಾಮಾ ಎಂದರೆ ಶಿನ್‌ಚಾನ್, ಆದ್ದರಿಂದ ಅದು ಬೇಡವೇ ಬೇಡ. ಈ ಪಟ್ಟಿ ಪೂರ್ತಿ ಸುಳ್ಳಲ್ಲ. ಆದರೆ ಚಾನೆಲ್ಲಿನ ಸ್ವಭಾವವನ್ನು ಅದರ ಪಾತ್ರಗಳ ಬಾಯಿಮಾತಿನಿಂದಷ್ಟೇ ಅಳೆಯುವ ಬದಲು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಮತ್ತು ಅದನ್ನು ನೋಡುವಾಗ ಮಗುವಿನ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದರಿಂದ ಅಳೆದರೆ ಪಟ್ಟಿ ತಲೆಕೆಳಗಾಗಬಹುದು ಎಂಬುದು ನನ್ನ ವಾದ.

ಮೊದಲು ಇಂಥ ಚಾನೆಲ್ಲುಗಳಲ್ಲಿ ಕೆಲವು ಹುಟ್ಟಿದ ಅಮೆರಿಕಕ್ಕೆ ಹೋಗೋಣ. 1979ರ ಏಪ್ರಿಲ್‌ನಲ್ಲಿ ನಿಕಲೋಡಿಯನ್, ಅಂದರೆ ನಾವು ನಿಕ್ ಎನ್ನುವ ಮಕ್ಕಳ ಚಾನೆಲ್ಲು, ಶುರುವಾದಾಗ ಅದರಲ್ಲಿ ಜಾಹೀರಾತುಗಳಿರಲಿಲ್ಲ. ಗೊಂಬೆಯಾಟ, ಕಥೆ, ತಿಳಿವಳಿಕೆಯ ಮಾತು ಇವೇ ಅದರ ಬಂಡವಾಳ. ಪಾಲಕರು ಮೆಚ್ಚಿಕೊಂಡರು, ಆದರೆ ಮಕ್ಕಳು ಅಷ್ಟಾಗಿ ಕಚ್ಚಿಕೊಳ್ಳಲಿಲ್ಲ, ನಷ್ಟವೂ ಆಯಿತು. ಎಂಬತ್ತರ ದಶಕದ ನಡುವಿನಲ್ಲಿ ಚಾನೆಲ್ಲು ಜಾಹೀರಾತನ್ನು ಒಪ್ಪಿಕೊಂಡು, ಕಿತ್ತಳೆ ಬಣ್ಣದ ಹೊಸ ಗುರುತು ಹಾಕಿಕೊಂಡು, ‘ನಾವು ಮಕ್ಕಳ ಕಡೆಯವರು, ದೊಡ್ಡವರ ಕಡೆಯವರಲ್ಲ’ ಎಂಬ ನಿಲುವಿಗೆ ಬಂತು. ತಲೆಯ ಮೇಲೆ ಹಸಿರು ಲೋಳೆ ಸುರಿಯುವುದು ಅದರ ಲಾಂಛನವೇ ಆಯಿತು. ಆ ಲೋಳೆಯೂ ಮೂಲತಃ ಅವರದಲ್ಲ, ಕೆನಡಾದ ಒಂದು ಹಾಸ್ಯ ಕಾರ್ಯಕ್ರಮದ ಜೊತೆ ಬಂದದ್ದು.

ಇದೇ ಚಾನೆಲ್ಲು 1991ರ ಆಗಸ್ಟ್ 11ರ ಭಾನುವಾರ ತನ್ನ ಮೊದಲ ಮೂರು ಸ್ವಂತ ಕಾರ್ಟೂನುಗಳನ್ನು ಒಟ್ಟಿಗೆ ಬಿಡುಗಡೆ ಮಾಡಿತು. ‘ಡಗ್’ ಒಬ್ಬ ಅಂಜುಬುರುಕ ಹುಡುಗನ ದಿನಚರಿ, ಬಹಳ ಮೃದು. ‘ರಗ್‌ರ್ಯಾಟ್ಸ್’ ತೊಟ್ಟಿಲ ಕೂಸುಗಳ ಕಣ್ಣಿನಿಂದ ದೊಡ್ಡವರ ಪೆದ್ದುತನ ನೋಡುವಂಥದು. ಮೂರನೆಯದಾದ ‘ರೆನ್ ಅಂಡ್ ಸ್ಟಿಂಪಿ’ಯಲ್ಲಿ ಸಿಂಬಳ, ಹೂಸು, ಸಿಡಿದು ಬೀಳುವ ಕ್ರೌರ್ಯ ಎಲ್ಲವೂ ಇತ್ತು. ಮರುವರ್ಷ ಅದರ ಸೃಷ್ಟಿಕರ್ತನನ್ನೇ ಚಾನೆಲ್ಲು ಹೊರಗೆ ಕಳಿಸಿತು, ಆದರೆ ಕಾರ್ಟೂನನ್ನು ನಿಲ್ಲಿಸಲಿಲ್ಲ. ಒಂದೇ ಬೆಳಗ್ಗೆ, ಒಂದೇ ಚಾನೆಲ್ಲಿನಲ್ಲಿ, ಬೆನ್ನಿಗೆ ಬೆನ್ನು ಹಚ್ಚಿ ಇಂಥ ಮೂರು ಬಂದಿದ್ದವು. ಹಾಗಿರುವಾಗ ‘ನಿಕ್ ಹೀಗೆ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರು ಯಾವುದನ್ನು ನೋಡಿ ಹೇಳುತ್ತಾರೆ?

ಡಿಸ್ನಿ ಚಾನೆಲ್ಲಿನ ಕಥೆ ಬೇರೆ. 1983ರಲ್ಲಿ ಅದು ಆರಂಭವಾದದ್ದು ಪ್ರತ್ಯೇಕ ಚಂದಾ ತೆತ್ತವರಿಗೆ ಮಾತ್ರ ಸಿಗುವ ಚಾನೆಲ್ಲಾಗಿ. ಚಂದಾ ಕಟ್ಟುವವರು ತಂದೆತಾಯಿಗಳಾದ್ದರಿಂದ ಅವರ ಅಭಿರುಚಿಯೇ ಅಲ್ಲಿ ನಡೆಯಿತು. ಜಾಹೀರಾತಿನಿಂದ ಬದುಕುವ ಚಾನೆಲ್ಲು ಮಕ್ಕಳನ್ನು ಪರದೆಯ ಮುಂದೆ ಹಿಡಿದು ಕೂರಿಸಬೇಕು, ಚಂದಾದಿಂದ ಬದುಕುವ ಚಾನೆಲ್ಲು ಪಾಲಕರ ಮನಸ್ಸನ್ನು ಒಲಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಬಿ.ಬಿ.ಸಿ. 2002ರಲ್ಲಿ ಪುಟ್ಟ ಮಕ್ಕಳಿಗಾಗಿ ಸೀಬೀಬೀಸ್ ಎಂಬ ಚಾನೆಲ್ಲನ್ನು ತೆರೆದಾಗ ಅದರ ಖರ್ಚು ಸಾರ್ವಜನಿಕರು ಟಿ.ವಿ.ಗಾಗಿ ಕಟ್ಟುವ ಪರವಾನಗಿ ಶುಲ್ಕದಿಂದ ಬಂತು, ಜಾಹೀರಾತಿನ ಗೊಡವೆಯೇ ಇರಲಿಲ್ಲ. ಅಲ್ಲಿನ ನಿಧಾನಗತಿಗೆ ತಯಾರಕರ ಸದ್ಗುಣವೂ ಕಾರಣವಿರಬಹುದು, ಆದರೆ ಆ ನಿಧಾನ ಅವರಿಗೆ ಸಾಧ್ಯವಾದದ್ದು ಈ ಹಣದ ದಾರಿಯಿಂದ.

ಭಾರತಕ್ಕೆ ಬರುವಾಗ ಚಾನೆಲ್ಲುಗಳು ತಮ್ಮ ಹೆಸರನ್ನು ತಂದವು, ಹಣದ ದಾರಿಯನ್ನು ತರಲಿಲ್ಲ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂತು. ಹಗಲು ಟಾಮ್ ಅಂಡ್ ಜೆರಿ, ರಾತ್ರಿ ಅದೇ ಜಾಗದಲ್ಲಿ ಟಿ.ಎನ್.ಟಿ. ಎಂಬ ಸಿನಿಮಾ ಚಾನೆಲ್ಲಿನ ಹಳೆಯ ಹಾಲಿವುಡ್ ಚಿತ್ರಗಳು. ಟಾಮ್ ಅಂಡ್ ಜೆರಿಯೂ 1940ರಲ್ಲಿ ಚಿತ್ರಮಂದಿರಗಳಿಗಾಗಿ, ದೊಡ್ಡವರೂ ಕೂತು ನಗುವುದಕ್ಕಾಗಿ ತಯಾರಾದದ್ದೇ. 2004ರಲ್ಲಿ ಪೋಗೋ, ಹಂಗಾಮಾ ಮತ್ತು ಡಿಸ್ನಿ ಒಂದರ ಹಿಂದೊಂದು ಬಂದವು. ಇಲ್ಲಿ ಎಲ್ಲವೂ ಜಾಹೀರಾತು ಹಾಕುತ್ತವೆ, ಡಿಸ್ನಿಯೂ ಸೇರಿ. ನಮ್ಮ ಪಟ್ಟಿಯಲ್ಲಿ ಸಾಧುವಾದ ಡಿಸ್ನಿಯೇ 2006ರಲ್ಲಿ ಪೋಲಿಯಾದ ಹಂಗಾಮಾವನ್ನು ಕೊಂಡುಕೊಂಡಿತೆಂಬುದನ್ನು ಪಾಲಕರು ಗಮನಿಸಬೇಕು. ಅಂದರೆ ಎಡಗೈಯಲ್ಲಿ ಒಂದನ್ನು ತಡೆದು ಬಲಗೈಯಲ್ಲಿ ಇನ್ನೊಂದನ್ನು ಹಚ್ಚಿಕೊಡುತ್ತಿದ್ದ ನಾವು ಒಬ್ಬನೇ ವ್ಯಾಪಾರಿಯ ಎರಡು ಅಂಗಡಿಗಳ ನಡುವೆ ಓಡಾಡುತ್ತಿದ್ದೆವು. 2024ರ ನವೆಂಬರಿನಲ್ಲಿ ಡಿಸ್ನಿಯ ಭಾರತದ ಟಿ.ವಿ. ವ್ಯವಹಾರವೂ ರಿಲಯನ್ಸಿನದೂ ಒಂದಾಗಿ ಜಿಯೋಸ್ಟಾರ್ ರೂಪುಗೊಂಡ ಮೇಲೆ ನಿಕ್ ಮತ್ತು ಅದರ ಸೋದರ ಚಾನೆಲ್ಲು ಸೋನಿಕ್ ಕೂಡ ಅದೇ ಸೂರಿನಡಿ ಬಂದಿವೆ.

ಶಿನ್‌ಚಾನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಈ ಐದು ವರ್ಷದ ಹುಡುಗ 1990ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು ದೊಡ್ಡವರು ಓದುವ ಒಂದು ಚಿತ್ರಕಥಾ ವಾರಪತ್ರಿಕೆಯಲ್ಲಿ. ಮನೆಸಾಲದ ಕಂತು, ಆಫೀಸಿನಿಂದ ಸುಸ್ತಾಗಿ ಬರುವ ಅಪ್ಪ, ಕಾಸು ಕೂಡಿಡುತ್ತ ಆಸೆ ಬಚ್ಚಿಟ್ಟುಕೊಳ್ಳುವ ಅಮ್ಮ, ಇವರ ಮಧ್ಯಮವರ್ಗದ ಸೋಗನ್ನು ಹುಡುಗ ಬಯಲು ಮಾಡುತ್ತಾನೆ. ಆ ವಿಡಂಬನೆಯ ಗುರಿ ದೊಡ್ಡವರು. ಅದೇ 2006ರಲ್ಲಿ ಹಂಗಾಮಾದಲ್ಲಿ ನಮ್ಮ ಮಕ್ಕಳ ಮುಂದೆ ಬಂದಾಗ ವಿಡಂಬನೆ ಸೋರಿಹೋಗಿ, ಚಡ್ಡಿ ಜಾರಿಸುವ ಕುಣಿತ ಮತ್ತು ಅಮ್ಮನಿಗೆ ಎದುರು ಮಾತು ಉಳಿದವು. ದೂರುಗಳು ಬಂದು 2008ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು, ಕತ್ತರಿ ಪ್ರಯೋಗವಾದ ಮೇಲೆ ಮರುವರ್ಷ ತಿರುಗಿ ಬಂತು. ಹಾಗೆಂದು ಆ ಹುಡುಗ ದುಷ್ಟನಲ್ಲ. ಅವನು ಯಾರನ್ನೂ ಹೊಡೆಯುವುದರಲ್ಲಿ ಸುಖ ಕಾಣುವುದಿಲ್ಲ, ಬಡವರನ್ನೋ ಕುಳ್ಳರನ್ನೋ ಹಂಗಿಸುವುದಿಲ್ಲ, ತನ್ನ ತಂಗಿಯನ್ನು ಎತ್ತಿ ಆಡಿಸುತ್ತಾನೆ. ಅವನ ತರಲೆಯೆಲ್ಲ ತನಗಿಂತ ದೊಡ್ಡವರ ಮೇಲೆ.

ಈಗ ಎಲ್ಲರೂ ಸಭ್ಯವೆಂದು ಒಪ್ಪುವ ಛೋಟಾ ಭೀಮ್‌ಗೆ ಬನ್ನಿ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ ತಯಾರಿಸಿದ ಇದು 2008ರಲ್ಲಿ ಪೋಗೋದಲ್ಲಿ ಆರಂಭವಾಯಿತು. ಕಚ್ಚೆ ಕಟ್ಟಿದ ಹುಡುಗ, ಲಾಡು, ಊರಿನ ರಾಜ, ಗುರುಹಿರಿಯರಿಗೆ ನಮಸ್ಕಾರ. ನಮ್ಮದೇ ನೆಲದ ಕಾರ್ಟೂನು ಗೆದ್ದಿತೆಂಬ ಸಂತೋಷ ನನಗೂ ಇದೆ. ಆದರೆ ಅದರಲ್ಲಿ ಸೋಲುವ ಹುಡುಗನಾದ ಕಾಲಿಯಾನನ್ನು ನೋಡಿ. ಅವನು ದಪ್ಪ, ಮೈಬಣ್ಣ ಕಪ್ಪು, ಬುದ್ಧಿ ಮಂದ. ಪ್ರತಿ ಸಲ ಏಟು ತಿಂದು ಮಣ್ಣಿಗೆ ಬೀಳುತ್ತಾನೆ, ಊರೆಲ್ಲ ನಗುತ್ತದೆ. ಭೀಮ ಲಾಡು ತಿಂದು ಕೈ ಎತ್ತಿದರೆ ಜಗಳ ಮುಗಿಯಿತು. ಇಲ್ಲಿ ಒಂದು ಕೆಟ್ಟ ಮಾತೂ ಇಲ್ಲ, ಒಂದು ಪೋಲಿ ಸನ್ನೆಯೂ ಇಲ್ಲ. ತರಗತಿಯಲ್ಲಿರುವ ದಪ್ಪ ಹುಡುಗನನ್ನು ಉಳಿದವರು ಏನೆಂದು ಕರೆಯುತ್ತಾರೆಂಬುದು ಇಲ್ಲಿರುವ ಶಿಕ್ಷಕರಿಗೆ ನನಗಿಂತ ಚೆನ್ನಾಗಿ ಗೊತ್ತು.

ಬಾಯಿಮಾತಿನ ತರಲೆಗೂ ಇಂಥ ತಿರಸ್ಕಾರಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಕಾನೂನು ಹಿಡಿಯಲಾರದು. 1994ರ ಕೇಬಲ್ ಟೆಲಿವಿಷನ್ ನಿಯಮಗಳ 6ನೆಯ ನಿಯಮ, ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಭಾಷೆ ಅಥವಾ ಹಸಿಹಸಿಯಾದ ಹಿಂಸೆಯ ದೃಶ್ಯ ಇರದಂತೆ ಎಚ್ಚರ ವಹಿಸಬೇಕೆನ್ನುತ್ತದೆ. ಬೈಗುಳವನ್ನು ಎಣಿಸಬಹುದು, ರಕ್ತವನ್ನು ತೋರಿಸಿ ದೂರು ಕೊಡಬಹುದು. ತಿರಸ್ಕಾರವನ್ನು ಯಾವ ಅಧಿಕಾರಿಯೂ ಕತ್ತರಿಸಿ ತೆಗೆಯಲಾರ. ಅಮೆರಿಕದಲ್ಲಿ 1997ರಿಂದ ಮಕ್ಕಳ ಕಾರ್ಯಕ್ರಮಗಳಿಗೆ ಒಂದೊಂದಕ್ಕೂ ವಯಸ್ಸಿನ ಗುರುತು ಹಾಕುತ್ತಾರೆ, ಏಳು ವರ್ಷ ದಾಟಿದವರಿಗೆ ಬೇರೆ, ಅದಕ್ಕಿಂತ ಚಿಕ್ಕವರಿಗೆ ಬೇರೆ. ಅದು ಇಡೀ ಚಾನೆಲ್ಲಿಗೆ ಹಾಕುವ ಗುರುತಲ್ಲ ಎಂಬುದು ಮುಖ್ಯ. ಜಾಹೀರಾತಿಗೆ ನಮ್ಮಲ್ಲಿ ಗಂಟೆಗೆ 12 ನಿಮಿಷಗಳ ಮಿತಿಯಿದೆ, ಆದರೆ ಆ 12 ನಿಮಿಷಗಳಲ್ಲಿ ಬರುವ ಬಿಸ್ಕತ್ತು, ಚಾಕಲೇಟು, ಚಿಪ್ಸುಗಳೇ ಯಾವ ಶಿನ್‌ಚಾನ್‌ಗಿಂತ ಹೆಚ್ಚು ಹಟವನ್ನು ಮಕ್ಕಳಿಗೆ ಕಲಿಸುತ್ತವೆ ಎಂದು ನನಗನ್ನಿಸುತ್ತದೆ.

ಇನ್ನು ಪಕ್ಕದಲ್ಲಿ ಕೂತವರ ವಿಷಯ. ದಾವಣಗೆರೆ ಕಂಪನಿ ನಾಟಕಗಳ ಊರು, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಕಂಪನಿ ನಾಟಕದ ಹಾಸ್ಯಗಾರ ಆಡುವ ಮಾತುಗಳನ್ನು ಇಂದಿನ ಯಾವ ಮಕ್ಕಳ ಚಾನೆಲ್ಲೂ ಪ್ರಸಾರ ಮಾಡುವ ಧೈರ್ಯ ತೋರಲಾರದು. ಆದರೂ ಮುಂದಿನ ಸಾಲಿನಲ್ಲಿ ಮಕ್ಕಳು ಕೂತಿರುತ್ತಿದ್ದರು, ಹಿಂದೆ ಅಜ್ಜಿ, ಅತ್ತೆ, ಸೋದರಮಾವ. ಯಾವ ಮಾತಿಗೆ ಅತ್ತೆ ನಕ್ಕಳು, ಯಾವುದಕ್ಕೆ ಸೆರಗು ಬಾಯಿಗೆ ಹಿಡಿದಳು, ಯಾವುದಕ್ಕೆ ಅಜ್ಜಿ ಮುಖ ಗಂಟಿಕ್ಕಿದಳು ಎಂಬುದನ್ನು ಹಿಂದಿರುಗಿ ನೋಡಿಯೇ ಮಗು ಅಳತೆ ಕಲಿಯುತ್ತಿತ್ತು.

ಇಂದು ನಮ್ಮ ಮನೆಗಳಲ್ಲಿ ಅಜ್ಜಿ ಇದ್ದಾರೆ, ಟಿ.ವಿ.ಯೂ ಅದೇ ಕೋಣೆಯಲ್ಲಿದೆ. ಆದರೆ ಎಷ್ಟೋ ಮನೆಗಳಲ್ಲಿ ಕಾರ್ಟೂನು ಮಾತಾಡುವುದು ಹಿಂದಿಯಲ್ಲಿ. ಶಾಲೆಗೆ ಹೋಗುವ ಮೊದಲೇ ಮಗು ಕಾರ್ಟೂನಿನಿಂದ ಹಿಂದಿ ಕಲಿತಿರುತ್ತದೆ, ಅಜ್ಜಿಗೆ ಬಣ್ಣ ಮಾತ್ರ ಕಾಣುತ್ತದೆ. ಹೀಗಾಗಿ ಮನೆಯಲ್ಲಿ ಆಕ್ಷೇಪ ಎತ್ತಬಹುದಾದ ಒಬ್ಬರೇ ಒಬ್ಬರು ಆಟದಿಂದ ಹೊರಗುಳಿಯುತ್ತಾರೆ. ಸನ್ ಸಮೂಹ 2009ರಲ್ಲಿ ಕನ್ನಡದ ಚಿಂಟು ಟಿ.ವಿ. ಆರಂಭಿಸಿದಾಗ, ಸಿನಿಮಾಗಳ ಡಬ್ಬಿಂಗಿಗೆ ಕನ್ನಡ ಚಿತ್ರರಂಗದ ವಿರೋಧ ಇನ್ನೂ ಬಿಗಿಯಾಗಿತ್ತು, ಆದರೂ ಮಕ್ಕಳ ಕಾರ್ಟೂನುಗಳು ಕನ್ನಡ ಮಾತಾಡಿದವು. ಅದರ ಚಿತ್ರಗಳೂ ಬಹುಮಟ್ಟಿಗೆ ಹೊರಗಿನವೇ. ಆದರೆ ಪಾತ್ರವೊಂದು ಉಡಾಫೆ ಮಾತಾಡಿದರೆ ಅಡುಗೆಮನೆಯಿಂದಲೇ ‘ಏನಂದನೋ ಅವನು?’ ಎಂಬ ದನಿ ಬರುತ್ತದೆ. ಇದೊಂದೇ ಕಾರಣಕ್ಕೆ ನಾನು ಕನ್ನಡದ ಸಾಧಾರಣ ಕಾರ್ಟೂನನ್ನು ಹಿಂದಿಯ ಒಳ್ಳೆಯ ಕಾರ್ಟೂನಿಗಿಂತ ಮೇಲೆ ಇಡುತ್ತೇನೆ. ಇದು ಭಾಷಾಭಿಮಾನದ ಮಾತೆಂದು ಯಾರಾದರೂ ತಿಳಿದರೆ ಅದಕ್ಕೂ ನನ್ನ ತಕರಾರಿಲ್ಲ.

ಪಟ್ಟಿ ಬೇಕೇ ಬೇಕು ಎನ್ನುವವರಿಗೆ ನನ್ನ ಅಭಿಪ್ರಾಯ ಇಷ್ಟು. ಐದು ವರ್ಷದೊಳಗಿನವರಿಗೆ ಚಾನೆಲ್ಲನ್ನು ಹಚ್ಚಿ ಬಿಟ್ಟುಬಿಡುವ ಪದ್ಧತಿಯೇ ಬೇಡ, ಕಾರ್ಯಕ್ರಮ ಮುಗಿದ ಕೂಡಲೇ ಆರಿಸಿ. ಆರರಿಂದ ಎಂಟರವರೆಗೆ ಭೀಮನನ್ನು ನೋಡಲಿ, ಆದರೆ ಕಾಲಿಯಾ ಬಿದ್ದಾಗ ಯಾಕೆ ನಕ್ಕೆ ಎಂದು ಕೇಳಿ. ಒಂಬತ್ತು ದಾಟಿದ ಮಗುವಿನ ಜೊತೆ ಕೂತು ಶಿನ್‌ಚಾನ್ ನೋಡುವುದಕ್ಕೆ ನನ್ನ ವಿರೋಧವಿಲ್ಲ. ಆ ಮನೆಸಾಲದ ಹಾಸ್ಯ ನಿಮಗೇ ಹೆಚ್ಚು ತಟ್ಟಬಹುದು. ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು.